ಹಳೇ ಫೈಬರ್ ದೋಣಿ: ತೇಪೆ ಅಂಟಂಟು, ನೆಲ ಮೆತ್ತಗೆ, ಹಿಂದಿನಿಂದ ಕಂದು ನೀರು. ಎಲ್ಲಿಂದ ಶುರು ಮಾಡಲಿ?

ಯಲಹಂಕ_ಹರಿಗೋಲು

ಎಲ್ಲರಿಗೂ ನಮಸ್ಕಾರ. ಮುಚ್ಚಿಹೋದ ರೆಸಾರ್ಟ್ ಒಂದರವರು ಗುಜರಿಗೆ ಹಾಕಲು ಹೊರಟಿದ್ದ 12 ಅಡಿ ಫೈಬರ್ ದೋಣಿಯನ್ನು ಕೊಂಡು ತಂದಿದ್ದೇನೆ. ಯಲಹಂಕದಲ್ಲಿ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಹಳೇ ಟೈರುಗಳ ಮೇಲೆ ಕೂತಿದೆ. ಮರಗೆಲಸ, ಬೈಕ್ ಪೇಂಟಿಂಗ್ ಅಲ್ಪಸ್ವಲ್ಪ ಬರುತ್ತದೆ, ಫೈಬರ್ ಮಾತ್ರ ಪೂರ್ತಿ ಹೊಸದು.

ತೊಂದರೆಗಳು ಹೀಗಿವೆ. ಒಳಗೆ ಹಿಂದಿನ ಸೀಟಿನ ಹತ್ತಿರ ಕಾಲಿಟ್ಟರೆ ನೆಲ ಒಳಕ್ಕೆ ಜಗ್ಗುತ್ತದೆ. ಅದೇ ಜಾಗದಲ್ಲಿ ಹಿಂದಿನವರು ಯಾರ ಕೈಯಲ್ಲೋ ಹಾಕಿಸಿದ ತೇಪೆ ಇದೆ. ತಿಂಗಳುಗಟ್ಟಲೆ ಹಳೆಯದಂತೆ, ಆದರೂ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಎಂಜಿನ್ ಕೂರಿಸುವ ಹಿಂದಿನ ಗೋಡೆಯಲ್ಲಿ ನೀರು ಬಿಡುವ ತೂತಿದೆಯಲ್ಲ, ಬಿರುಬಿಸಿಲಲ್ಲಿ ನಿಲ್ಲಿಸಿದ್ದರೂ ಅಲ್ಲಿಂದ ಕಂದು ನೀರು ಜಿನುಗುತ್ತಲೇ ಇದೆ. ಮೂತಿಯ ಹತ್ತಿರ ಜೇಡರ ಬಲೆ ತರಹ ಸಣ್ಣ ಬಿರುಕುಗಳೂ ಇವೆ.

ಮೇಲೊಂದು ಪದರ ಮ್ಯಾಟ್ (ಗಾಜಿನ ಎಳೆಗಳ ಹಾಸು) ಹಾಕಿ, ಕಾರಿನ ಪುಟ್ಟಿ ಬಳಿದು, ಪೇಂಟ್ ಹೊಡೆದರೆ ಆಗುತ್ತದಾ? ಮಳೆ ಹಿಡಿಯುವ ಮುಂಚೆ ಮುಗಿಸುವ ಆಸೆ. ಹಳೇ 5 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಒಂದು ಸಿಗುವ ಹಾಗಿದೆ.

ಮಲ್ಪೆ_ಮಾಣಿ

ಪೇಂಟ್ ಡಬ್ಬ ಇನ್ನೂ ತಂದಿಲ್ಲ ಅಲ್ವಾ? ಹಾಗಾದ್ರೆ ಒಳ್ಳೇದಾಯ್ತು ಮಾರಾಯ್ರೆ. ನೀವು ಬರೆದದ್ದು ಮೂರು ತೊಂದರೆ ಅಲ್ಲ, ಒಂದೇ. ಒಳಗೆ ನೀರು ಕೂತಿದೆ. ಮೇಲಿಂದ ಪದರ ಹಾಕಿದ್ರೆ ಆ ನೀರಿಗೆ ಮುಚ್ಚಳ ಹಾಕಿದ ಹಾಗೆ ಅಷ್ಟೆ.

ಇಂತಹ ಸಣ್ಣ ದೋಣಿಯಲ್ಲಿ ನೆಲ ಅಂದ್ರೆ ಪ್ಲೈವುಡ್ಡು, ಅದರ ಮೇಲೆ ತೆಳ್ಳಗೆ ಫೈಬರ್. ಹಿಂದಿನ ಗೋಡೆ, ನಾವು ಟ್ರಾನ್ಸಮ್ ಅಂತೇವೆ, ಅದರ ಹೊಟ್ಟೆಯಲ್ಲೂ ಪ್ಲೈವುಡ್ಡೇ. ನೆಲದ ಕೆಳಗೆ ಫೋಮ್ ತುಂಬಿರ್ತಾರೆ. ಫೈಬರ್ ಕೊಳೆಯುದಿಲ್ಲ, ಮರ ಕೊಳೀತದೆ. ನೀರು ಹೋಗುದು ಸೀಟಿನ ಸ್ಕ್ರೂ ತೂತಲ್ಲಿ, ಮತ್ತೆ ಆ ಡ್ರೈನ್ ತೂತಲ್ಲಿ. ತೂತು ಕೊರೆದವರು ಒಳಗಿನ ಮರದ ಅಂಚಿಗೆ ರೆಸಿನ್ (ಫೈಬರ್ ಎಳೆಗಳನ್ನು ಹಿಡಿದು ಗಟ್ಟಿಯಾಗುವ ದ್ರವ) ಹಚ್ಚಿರುದಿಲ್ಲ, ಹೆಚ್ಚಿನ ದೋಣಿಗಳ ಕತೆ ಇದೇ.

ಈಗ ಮಾಡ್ಲಿಕ್ಕೆ ಇರುದು ಇಷ್ಟು. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ನೆಲ, ಟ್ರಾನ್ಸಮ್ ಎಲ್ಲಾ ಕಡೆ ತಟ್ಟಿ. ಟಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಪದರ ಬಿಟ್ಟಿದೆ ಅಥವಾ ಮರ ಹೋಗಿದೆ. ದಬ್ ಅಂದ ಜಾಗದ ಸುತ್ತ ಮಾರ್ಕರಲ್ಲಿ ಗೆರೆ ಎಳೀರಿ. ಆಮೇಲೆ ಟ್ರಾನ್ಸಮಿನ ಒಳಮೈಗೆ ಮಾತ್ರ, ಹೊರಗಿಂದ ಬೇಡ, ಸಣ್ಣ ಡ್ರಿಲ್ ಬಿಟ್ಟಲ್ಲಿ ಎರಡು ಮೂರು ಕಡೆ ಕೊರೆದು ಬರುವ ಹುಡಿ ನೋಡಿ. ಒಣಗಿದ ಬಿಳಿಚು ಹುಡಿಯಾ, ಕಪ್ಪು ಕೆಸರಾ?

ನೆಲದ ಕೆಳಗಿನ ಫೋಮನ್ನು 10 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡಾಗಿ ಕತ್ತರಿಸಿ ಅಡಿಗೆಮನೆ ತಕ್ಕಡಿಯಲ್ಲಿ ತೂಗಿ. ಅದು ಒಂದು ಲೀಟರಿನ ಗಾತ್ರ. ಒಣ ಫೋಮ್ ಆದ್ರೆ 30-40 ಗ್ರಾಂ ಇರ್ಬೇಕು. ಅದರ ಮೇಲೆ ಎಷ್ಟಿದೆಯೋ ಅಷ್ಟೂ ನೀರು.

ಪೀಣ್ಯ_ರೆಸಿನ್

ಅಂಟುವ ತೇಪೆ ಬಗ್ಗೆ ನಾನು ಹೇಳ್ತೀನಿ. ಎಫ್‌ಆರ್‌ಪಿ, ಅಂದ್ರೆ ಫೈಬರ್ ಶೀಟು, ಟ್ಯಾಂಕು ಮಾಡೋ ಕಡೆ ಕೆಲಸ ನನ್ನದು.

ಪಾಲಿಯೆಸ್ಟರ್ ರೆಸಿನ್ ಎರಡು ರೀತಿ ಅಂಟುತ್ತೆ. ಒಂದು, ಗಾಳಿ ತಾಗೋ ಮೇಲ್ಮೈ ಮಾತ್ರ. ಆಮ್ಲಜನಕ ಇದ್ದಲ್ಲಿ ರೆಸಿನ್ ಪೂರ್ತಿ ಸೆಟ್ ಆಗಲ್ಲ, ಅದಕ್ಕೇ ಕೊನೆ ಕೋಟಿಗೆ ವ್ಯಾಕ್ಸ್ ಬೆರೆಸ್ತಾರೆ. ಇದು ದೋಷವೇ ಅಲ್ಲ. ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಉಜ್ಜಿದರೆ ಮುಗೀತು. ಇನ್ನೊಂದು, ಒಳಗಿಂದಲೇ ಸೆಟ್ ಆಗದೇ ಇರೋದು. ಎಂಇಕೆಪಿ (ಪಾಲಿಯೆಸ್ಟರ್ ಗಟ್ಟಿಯಾಗೋಕೆ ಹಾಕೋ ಹಾರ್ಡನರ್) ಕಮ್ಮಿ ಹಾಕಿದಾರೆ, ಸರಿಯಾಗಿ ಕಲಸಿಲ್ಲ, ಇಲ್ಲಾ ಕೆಳಗೆ ತೇವ ಇತ್ತು.

ಕಂಡುಹಿಡಿಯೋದು ಸುಲಭ. ಅಸಿಟೋನಲ್ಲಿ ಒರೆಸಿ, ಆರಿದ ಮೇಲೆ ಉಗುರಲ್ಲಿ ಗೀರಿ. ಗೀಚು ಬೀಳದೆ ಗಟ್ಟಿ ಇದ್ರೆ ಮೊದಲನೇದು. ಉಗುರು ಇಳಿದ್ರೆ, ಜೊತೆಗೆ ಈಗಲೂ ರೆಸಿನ್ ವಾಸನೆ ಹೊಡೀತಿದ್ರೆ ಎರಡನೇದು. ಅದನ್ನ ಕಿತ್ತು ತೆಗೆಯೋದು ಬಿಟ್ಟು ದಾರಿಯಿಲ್ಲ. ಮೇಲೆ ಇನ್ನಷ್ಟು ಹಾರ್ಡನರ್ ಸವರಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಕೇಳಬೇಡಿ.

ಕಾರಿನ ಪುಟ್ಟಿ ನೀರಿನ ಮಟ್ಟದಿಂದ ಕೆಳಗೆ ಬೇಡವೇ ಬೇಡ. ಅದರಲ್ಲಿರೋದು ಬಹುಪಾಲು ಟಾಲ್ಕ್, ನೀರು ಕುಡಿಯುತ್ತೆ.

ಯಲಹಂಕ_ಹರಿಗೋಲು

ಎಲ್ಲಾ ಮಾಡಿ ನೋಡಿದೆ. ತೇಪೆಗೆ ಉಗುರು ಇಳಿಯುತ್ತದೆ, ವಾಸನೆಯೂ ಇದೆ. ಒಂದು ಮೂಲೆ ಎತ್ತಿದರೆ ಪೂರ್ತಿ ಹಾಳೆಯಾಗಿ ಎದ್ದು ಬಂತು, ಕೆಳಗಿನ ಪ್ಲೈವುಡ್ ಒದ್ದೆ. ಟ್ರಾನ್ಸಮ್ ಕೆಳಗಿನ ಅರ್ಧ ದಬ್ ಅನ್ನುತ್ತದೆ, ಡ್ರಿಲ್ ಬಿಟ್ಟಿನಲ್ಲಿ ಕಪ್ಪು ಕೆಸರು. ಮೇಲಿನ ಅರ್ಧದಲ್ಲಿ ಒಣ ಹುಡಿ. ಫೋಮ್ ತುಂಡು 200 ಗ್ರಾಂ ದಾಟಿತು! ದೋಣಿ ಎತ್ತಲು ಅಷ್ಟು ಜನ ಯಾಕೆ ಬೇಕಾದರು ಅಂತ ಈಗ ಗೊತ್ತಾಯಿತು.

ಮೇಲಿನ ಅರ್ಧ ಚೆನ್ನಾಗಿರುವುದರಿಂದ ಕೆಳಗಿನ ಅರ್ಧ ಮಾತ್ರ ಬದಲಿಸಬಹುದಾ? ರೆಸಿನ್ ಪಾಲಿಯೆಸ್ಟರ್ ತಗೊಳ್ಳಲಾ, ಎಪಾಕ್ಸಿಯಾ? ಬೆಲೆ ವ್ಯತ್ಯಾಸ ನೋಡಿ ತಲೆ ತಿರುಗಿತು.

ಮಲ್ಪೆ_ಮಾಣಿ

ಅರ್ಧ ಬದಲಿಸುದು ಬೇಡ. ಎಂಜಿನ್ ತೂಗುದೂ ತಳ್ಳುದೂ ಅದೇ ಹಲಗೆಯನ್ನು. ನಡುವೆ ಜೋಡಣೆ ಬಂದ್ರೆ ಮೊದಲು ಬಿಡುದು ಅಲ್ಲೇ. ಇಡೀ ಹಲಗೆ ತೆಗೀರಿ.

ಆದ್ರೆ ಕತ್ತರಿಸುವ ಮುಂಚೆ ದೋಣಿಯನ್ನು ಟೈರಿನಿಂದ ಇಳಿಸಿ. ನೆಲ ಕಿತ್ತ ಮೇಲೆ ತಳಕ್ಕೆ ಬಲ ಇರುದಿಲ್ಲ, ಹೇಗೆ ಕೂತಿದೆಯೋ ಹಾಗೇ ಸೊಟ್ಟಗಾಗಿ ಉಳೀತದೆ. ಹೊಸ ನೆಲ ಹಾಕಿದ್ರೆ ಆ ಸೊಟ್ಟವೇ ಕಾಯಂ. ತಳದ ಆಕಾರಕ್ಕೆ ಮರದ ತುಂಡು ಕತ್ತರಿಸಿ, ಮೇಲೆ ಹಳೇ ಕಾರ್ಪೆಟ್ ಸುತ್ತಿ, ಮೂರು ಕಡೆ ಆಧಾರ ಕೊಡಿ. ಅಡ್ಡಲಾಗಿ ಒಂದೆರಡು ರೀಪರ್ ಬಡಿದು ಎರಡೂ ಬದಿ ಅಗಲ ಆಗದ ಹಾಗೆ ಹಿಡೀರಿ. ಒಳಗಿನ ಉದ್ದ ತೊಲೆಗಳನ್ನು ಒಟ್ಟಿಗೇ ಕೀಳುವ ಕೆಲಸ ಮಾಡ್ಬೇಡಿ, ಒಂದು ಮುಗಿಸಿ ಇನ್ನೊಂದು.

ಟ್ರಾನ್ಸಮಿನ ಒಳಪದರವನ್ನು ಅಂಚಿನಿಂದ ಒಂದೆರಡು ಇಂಚು ಬಿಟ್ಟು ಕತ್ತರಿಸಿ ತೆಗೆದು, ಕೊಳೆತ ಮರವನ್ನು ಉಳಿಯಲ್ಲಿ ಕೆರೆಯಿರಿ. ಹೊರಪದರಕ್ಕೆ ಕೈ ಹಚ್ಚಬೇಡಿ, ಅದೇ ನಿಮ್ಮ ಅಚ್ಚು. ಮರ ತೆಗೆದ ಮೇಲೆ ಹೊರಪದರವನ್ನು ಒಳಗಿಂದ ಹೊಳಪು ಹೋಗುವಷ್ಟು ಗ್ರೈಂಡ್ ಮಾಡಿ ಬಿಸಿಲಿಗೆ ಬಿಡಿ. ಈ ಒಣಗಿಸುವ ಕೆಲಸಕ್ಕೆ ಅವಸರ ಮಾಡಿದವರೇ ಎರಡನೇ ಸಲ ಕತ್ತರಿಸುದು.

ಮತ್ತೆ, ಡೆಕ್ಕಿಗೆ ಮೇಲಿಂದ ಎಪಾಕ್ಸಿ ಇಂಜೆಕ್ಷನ್ ಕೊಡಿ ಅಂತ ವಿಡಿಯೋಗಳು ಉಂಟು. ಒದ್ದೆ ಮರಕ್ಕೆ ಅದು ಹಿಡಿಯುದಿಲ್ಲ. ದುಡ್ಡೂ ಹೋಯ್ತು, ಮರವೂ ಹೋಯ್ತು.

ಹುಬ್ಬಳ್ಳಿ_ಬಡಗಿ

ಪ್ಲೈವುಡ್ ಬಗ್ಗೆ ನಾ ಹೇಳ್ತೀನ್ರಿ. ಅಂಗಡ್ಯಾಗ ವಾಟರ್‌ಪ್ರೂಫ್ ಅಂದ್ರ ಅದು ಐಎಸ್ 303 ಇರಬಹುದು. ಅಡಗಿಮನಿ ಕಪಾಟಿಗೆ ಅದು ನಡೀತದ, ದೋಣಿಗೆ ಅಲ್ಲ. ಐಎಸ್ 710 ಅಂತ ಮುದ್ರಿ ಇರೋ ಮರೈನ್ ಪ್ಲೈ ಕೇಳ್ರಿ. 18 ಎಂಎಂ ಎರಡು ಹಾಳಿ ಅಂಟಿಸಿದ್ರ 36 ಎಂಎಂ ಆಗ್ತದ, ಎರಡೂ ಕಡೆ ಫೈಬರ್ ಸೇರಿ ಒಂದೂವರಿ ಇಂಚು ದಾಟ್ತದ. ಸಣ್ಣ ಎಂಜಿನ್ ಕ್ಲಾಂಪಿಗೆ ಬರೋಬ್ಬರಿ. ಕತ್ತರಿಸಿದ ಅಂಚಿಗೆ ರೆಸಿನ್ ಕುಡಿಸ್ರಿ. ಅಂಚು ಎಷ್ಟು ಕುಡೀತದ ನೋಡಿದ್ರ ಆಶ್ಚರ್ಯ ಆಗ್ತದ, ಇನ್ನ ಕುಡಿಯಂಗಿಲ್ಲ ಅನ್ನೂ ತನಕ ಹಚ್ಚಬೇಕು.

ಪೂರ್ತಿ ಒಣಗಿದ ಹಾಳಿನ ತರ್ರಿ. ಮಳಿಗಾಲದಾಗ ಗೋಡಿಗೆ ಒರಗಿಸಿಟ್ಟಿದ್ದು ಬ್ಯಾಡ.

ಪೀಣ್ಯ_ರೆಸಿನ್

ರೆಸಿನ್ ವಿಚಾರ. ಹೊಸ ದೋಣಿ ಕಟ್ಟುವಾಗ ಪಾಲಿಯೆಸ್ಟರ್ ಚೆನ್ನಾಗೇ ಇರುತ್ತೆ, ಯಾಕಂದ್ರೆ ಪದರಗಳು ಹಸಿ ಇರುವಾಗಲೇ ಒಂದಕ್ಕೊಂದು ಬೆಸೆದುಕೊಳ್ತವೆ. ಪೂರ್ತಿ ಸೆಟ್ ಆದ ಹಳೇ ಮೈ ಮೇಲೆ ಹೊಸದು ಬರೀ ಹಿಡಿತದ ಮೇಲೆ ನಿಲ್ಲುತ್ತೆ. ಎಪಾಕ್ಸಿ ಹಳೇ ಫೈಬರಿಗೂ ಮರಕ್ಕೂ ಇದಕ್ಕಿಂತ ಗಟ್ಟಿಯಾಗಿ ಅಂಟುತ್ತೆ. ಟ್ರಾನ್ಸಮ್, ನೆಲದ ಅಂಚು, ಒಡೆದ ಜಾಗ, ಇವಕ್ಕೆ ಎಪಾಕ್ಸಿ ತಗೊಳ್ಳಿ.

ಅಂಗಡಿಯವನು ಹೇಳದೇ ಬಿಡೋ ಒಂದು ವಿಷಯ ಇದೆ. ಸಾಮಾನ್ಯ ಚಾಪ್ಡ್ ಮ್ಯಾಟಿನ ಎಳೆಗಳನ್ನ ಹಿಡಿದಿರೋ ಅಂಟು ಪಾಲಿಯೆಸ್ಟರಿನಲ್ಲಿರೋ ಸ್ಟೈರೀನ್ ಅನ್ನೋ ದ್ರಾವಕದಲ್ಲಿ ಕರಗುತ್ತೆ, ಎಪಾಕ್ಸಿಯಲ್ಲಿ ಕರಗಲ್ಲ. ಎಪಾಕ್ಸಿಗೆ ನೇಯ್ದ ಬಟ್ಟೆ ಅಥವಾ ಹೊಲಿದ ಬಟ್ಟೆಯೇ ಬೇಕು. ಎಪಾಕ್ಸಿಯಲ್ಲಿ ಡಬ್ಬದ ಮೇಲಿನ ಅನುಪಾತ ಬಿಟ್ಟು ಆಚೀಚೆ ಹೋಗೋ ಹಾಗಿಲ್ಲ, ಹಾರ್ಡನರ್ ಜಾಸ್ತಿ ಹಾಕಿದ್ರೆ ಬೇಗ ಗಟ್ಟಿಯಾಗಲ್ಲ, ಮೆತ್ತಗೆ ಉಳಿಯುತ್ತೆ.

ಪಾಲಿಯೆಸ್ಟರ್ ಆದ್ರೆ ಕಿಲೋ ರೆಸಿನ್‌ಗೆ ಎಂಇಕೆಪಿ 10ರಿಂದ 20 ಗ್ರಾಂ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 33-34 ಡಿಗ್ರಿಗೆ ಹೋಗುತ್ತೆ, ಬೆಳಿಗ್ಗೆ 22ರ ಆಸುಪಾಸು. 10 ಡಿಗ್ರಿ ಏರಿದ್ರೆ ಕೈಯಲ್ಲಿ ಸಿಗೋ ಟೈಮು ಸುಮಾರು ಅರ್ಧ ಆಗುತ್ತೆ. ಹೊಸಬರು ಬೆಳಿಗ್ಗೆ ಕೂತು, ಸಣ್ಣ ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪ ಕಲಸಿ. 1 ಶೇಕಡಾಗಿಂತ ಕಮ್ಮಿ ಮಾಡಿ ಟೈಮ್ ಉಳಿಸೋಕೆ ಹೋಗಬೇಡಿ, ನಿಮ್ಮ ತೇಪೆಯಂಥದ್ದೇ ಇನ್ನೊಂದು ಸಿಗುತ್ತೆ. ಚದರ ಮೀಟರ್‌ಗೆ 450 ಗ್ರಾಂ ತೂಗೋ ಮ್ಯಾಟು ಒಂದು ಪದರಕ್ಕೆ ಹೆಚ್ಚೂಕಮ್ಮಿ 1 ಎಂಎಂ ದಪ್ಪ ಬರುತ್ತೆ, ಚದರ ಮೀಟರ್‌ಗೆ ಒಂದು ಕಿಲೋ ರೆಸಿನ್ ಲೆಕ್ಕ ಹಾಕಿ.

ಇದೊಂದನ್ನ ಗೋಡೆ ಮೇಲೆ ಬರೆದಿಡಿ: ರೆಸಿನ್ ಬೇಗ ಸೆಟ್ ಆಗೋಕೆ ಹಾಕೋ ಕೋಬಾಲ್ಟ್ ಆಕ್ಸಿಲರೇಟರನ್ನೂ ಎಂಇಕೆಪಿಯನ್ನೂ ನೇರವಾಗಿ ಬೆರೆಸಿದ್ರೆ ಸಿಡಿಯುತ್ತೆ, ಬೆಂಕಿ ಹತ್ತುತ್ತೆ. ಕೋಬಾಲ್ಟ್ ಮೊದಲೇ ಬೆರೆಸಿರೋ ರೆಸಿನ್ನೇ ಕೊಳ್ಳಿ, ಆ ಶೀಶೆ ಮನೆಗೆ ತರೋದೇ ಬೇಡ. ಎಂಇಕೆಪಿ ಒಂದು ಹನಿ ಕಣ್ಣಿಗೆ ಬಿದ್ರೆ ದೃಷ್ಟಿಯೇ ಹೋಗಬಹುದು, ಅಳೆಯುವಾಗಲೂ ಗಾಗಲ್ ಹಾಕಿ.

ಜಯನಗರ_ಜಾಣ

ಎಪಾಕ್ಸಿ ಎಲ್ಲಾ ಅತಿಯಾಯಿತು ಅನಿಸುತ್ತದೆ. ನಮ್ಮ ಕರಾವಳಿಯ ಮೀನು ದೋಣಿಗಳೆಲ್ಲ ಪಾಲಿಯೆಸ್ಟರಲ್ಲೇ ರಿಪೇರಿ ಆಗಿ ಸಮುದ್ರಕ್ಕೆ ಹೋಗುತ್ತವೆ. ಇದು ಹಿನ್ನೀರಿನಲ್ಲಿ ಭಾನುವಾರ ಓಡುವ ದೋಣಿ.

ಮಲ್ಪೆ_ಮಾಣಿ

ಹೋಗ್ತವೆ, ಸರಿ. ಆದ್ರೆ ಅವರು ವರ್ಷಕ್ಕೊಮ್ಮೆ ಮೇಲೆ ಎಳೆದು ಮತ್ತೆ ರಿಪೇರಿ ಮಾಡ್ತಾರೆ, ಕೈ ಪಳಗಿದೆ, ರೆಸಿನ್ ಡ್ರಮ್ಮಿನ ಲೆಕ್ಕದಲ್ಲಿ ಬರ್ತದೆ. ಯಲಹಂಕದವರು ಒಂದೇ ಸಲ ಮಾಡುದು. ಅಗಲ ನೆಲಕ್ಕೆ ಪಾಲಿಯೆಸ್ಟರ್ ಹಾಕಿ ದುಡ್ಡು ಉಳಿಸ್ಲಿ, ಟ್ರಾನ್ಸಮಿಗೆ ಎಪಾಕ್ಸಿ ಹಾಕ್ಲಿ. ಆದ್ರೆ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರನ್ನು ನಂಬ್ಲಿಕ್ಕೆ ಆಗುದಿಲ್ಲ. ಹಾಗಾಗಿ ನೆಲ ಮೊದಲು, ಟ್ರಾನ್ಸಮ್ ಆಮೇಲೆ.

ತೂತು, ಒಡಕು ಮುಚ್ಚುವಾಗ ಅಂಚನ್ನು ಓರೆಯಾಗಿ ಗ್ರೈಂಡ್ ಮಾಡ್ಬೇಕು. ದಪ್ಪದ ಹನ್ನೆರಡರಷ್ಟು ಅಗಲ. ತಳ 4 ಎಂಎಂ ಇದ್ರೆ ಸುತ್ತ 48 ಎಂಎಂ ಓರೆ. ನೋಡುವಾಗ ಹೆದರಿಕೆ ಆಗ್ತದೆ, ಸಣ್ಣ ತೂತಿಗೆ ಊಟದ ಬಟ್ಟಲಿನಷ್ಟು ಗಾಯ ಮಾಡಿದ ಹಾಗೆ ಕಾಣ್ತದೆ. ಹಿಡಿತ ಇರುದೇ ಆ ಓರೆಯಲ್ಲಿ. ಹಲಗೆ, ತಳ ಸೇರುವ ಮೂಲೆಯಲ್ಲಿ ಗಟ್ಟಿ ಪೇಸ್ಟಿನಿಂದ ದುಂಡಗೆ ತುಂಬಿ, ಆಮೇಲೆ ಬಟ್ಟೆ ಹಾಸಿ. ಚೂಪು ಮೂಲೆಗೆ ಫೈಬರ್ ಬಗ್ಗುದಿಲ್ಲ, ಒಳಗೆ ಗಾಳಿ ಉಳೀತದೆ.

ಯಲಹಂಕ_ಹರಿಗೋಲು

ಫೋಮ್ ಪೂರ್ತಿ ತೆಗೆದೆ. ಅದರ ಬದಲಿಗೆ ಥರ್ಮೋಕೋಲ್ ತುಂಬಿದರೆ ಆಗುತ್ತದಾ? ಚಿಕ್ಕಪೇಟೆ ಕಡೆ ಅಗ್ಗದಲ್ಲಿ ಸಿಗುತ್ತದೆ. ಇನ್ನೊಂದು, ಗ್ರೈಂಡಿಂಗ್ ಧೂಳಿಗೆ ಎನ್95 ಸಾಕಲ್ಲ? ಪಕ್ಕದ ಮನೆಯವರು ವಾಸನೆ ಅಂತ ಈಗಾಗಲೇ ಮುಖ ಸಿಂಡರಿಸುತ್ತಿದ್ದಾರೆ.

ಪೀಣ್ಯ_ರೆಸಿನ್

ಥರ್ಮೋಕೋಲ್ ಮೇಲೆ ಪಾಲಿಯೆಸ್ಟರ್ ಬಿದ್ದ ತಕ್ಷಣ ಕರಗಿ ಕಾಣೆಯಾಗುತ್ತೆ, ಸ್ಟೈರೀನ್ ಕೆಲಸ. ನೀವು ನೆಲಕ್ಕೆ ಪಾಲಿಯೆಸ್ಟರ್ ಹಾಕೋದಾದ್ರೆ ಅದು ಬೇಡ. ಎರಡು ಭಾಗ ಬೆರೆಸಿ ಸುರಿಯೋ ಪಾಲಿಯುರೆಥೇನ್ ಫೋಮ್ ತಗೊಳ್ಳಿ. ಫೋಮ್ ಬಿಟ್ಟೇಬಿಡೋಣ ಅನ್ನೋ ಯೋಚನೆ ಮಾತ್ರ ಬೇಡ. ಫೈಬರ್ ನೀರಿಗಿಂತ ಭಾರ, ಎಂಜಿನ್ ಅದಕ್ಕಿಂತ ಭಾರ, ದೋಣಿ ಮಗುಚಿದ್ರೆ ಎತ್ತಿಹಿಡಿಯೋದು ಅದೊಂದೇ. ಕೆಳಗೆ ನೀರು ಹಿಂದಕ್ಕೆ ಹರಿದು ಬರೋಕೆ ಒಂದು ಕಾಲುವೆ ಬಿಡಿ. ಹಳೇ ಫೋಮ್ ನೆನೆದಿದ್ದು ಆ ದಾರಿ ಇಲ್ಲದ್ದಕ್ಕೇ ಇರಬೇಕು.

ಎನ್95 ಧೂಳಿಗೆ ಸರಿ, ಆವಿಗೆ ಅಲ್ಲ. ರೆಸಿನ್ ಹಚ್ಚುವಾಗ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ಮಾಸ್ಕು ಬೇಕು. ತುಂಬುತೋಳಿನ ಹಳೇ ಅಂಗಿ ಹಾಕಿ, ಕೆಲಸ ಆದ ಮೇಲೆ ಮೊದಲು ತಣ್ಣೀರಲ್ಲಿ ಸ್ನಾನ. ಬಿಸಿನೀರಲ್ಲಿ ತುರಿಕೆ ಜಾಸ್ತಿಯಾಗುತ್ತೆ ಅಂತ ನಮ್ಮ ಹುಡುಗರೆಲ್ಲ ಹೇಳ್ತಾರೆ. ಉಳಿದ ರೆಸಿನ್ ಮಗ್ಗನ್ನ ಒಳಗಿಟ್ಟು ಹೋಗಬೇಡಿ, ದಪ್ಪಗೆ ಉಳಿದದ್ದು ತಾನೇ ಕಾದು ಹೊಗೆಯಾಡುತ್ತೆ. ಹೊರಗೆ ಮರಳಿನ ಮೇಲಿಡಿ. ವಾಸನೆಗೆ ಪಕ್ಕದ ಮನೆಯವರಿಗೆ ಮೊದಲೇ ದಿನ ಹೇಳಿ ಶುರು ಮಾಡೋದೇ ಒಳ್ಳೇದು. ಎಪಾಕ್ಸಿಗೆ ಆ ಸ್ಟೈರೀನ್ ನಾತ ಇಲ್ಲ.

ಜಯನಗರ_ಜಾಣ

ಎಲ್ಲಿ ಇಳಿಸುತ್ತೀರಿ ಅಂತಲೂ ಈಗಲೇ ವಿಚಾರಿಸಿಕೊಳ್ಳಿ. ಕೆರೆಯಾಗಲಿ, ಜಲಾಶಯವಾಗಲಿ, ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಇಲ್ಲದೆ ಆಗುವುದಿಲ್ಲ. ಕೆಆರ್‌ಎಸ್ ಹಿನ್ನೀರು ಕಾವೇರಿ ನೀರಾವರಿ ನಿಗಮದ್ದು. ಎಂಜಿನ್ ಕಟ್ಟಿದರೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನೋಂದಣಿ, ತಪಾಸಣೆ ಪ್ರಶ್ನೆ ಬರುತ್ತದೆ. ಎಂಜಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಕೇಳಿ.

ಯಲಹಂಕ_ಹರಿಗೋಲು

ಹಾಗಾದರೆ ಎಂಜಿನ್ ಸದ್ಯಕ್ಕೆ ಬಿಟ್ಟೆ, ಹುಟ್ಟು ಹಾಕುತ್ತೇನೆ. ಟ್ರಾನ್ಸಮ್ ಮಾತ್ರ ಎಂಜಿನ್ ತಡೆಯುವ ಹಾಗೇ ಕಟ್ಟುತ್ತೇನೆ. ಇನ್ನು ಮೂತಿಯ ಬಿರುಕು ಮತ್ತು ಆ ಡ್ರೈನ್ ತೂತು ಉಳಿದವು.

ಮಲ್ಪೆ_ಮಾಣಿ

ಬಿರುಕಿನ ಒಳಬದಿಗೆ ಕೈ ಹಾಕಿ ನೋಡಿ. ಒಳಗೆ ಬಿಳಿಚಿಕೊಂಡಿದ್ರೆ ಪೆಟ್ಟು ಬಿದ್ದು ಫೈಬರ್ ಒಡೆದಿದೆ, ಗ್ರೈಂಡ್ ಮಾಡಿ ಬಟ್ಟೆ ಹಾಕ್ಬೇಕು. ಒಳಗೆ ಸರಿ ಇದ್ರೆ ಅದು ಮೇಲಿನ ಜೆಲ್‌ಕೋಟಿನದ್ದು (ಹೊರಗಿನ ಬಣ್ಣದ ತೆಳು ಪದರ) ಮಾತ್ರ. ಬಿರುಕನ್ನು ವಿ ಆಕಾರದಲ್ಲಿ ಕೆರೆದು, ಎಪಾಕ್ಸಿಗೆ ಏರೋಸಿಲ್ (ಪೇಸ್ಟಿನ ಹಾಗೆ ದಪ್ಪ ಮಾಡುವ ಹಗುರ ಸಿಲಿಕಾ ಹುಡಿ) ಬೆರೆಸಿ ತುಂಬಿ. ಗಟ್ಟಿಯಾದ ಎಪಾಕ್ಸಿ ಮೇಲೆ ಜಿಡ್ಡು ಕೂತಿರ್ತದೆ, ನೀರು ಹಾಕಿ ಸ್ಕಾಚ್‌ಬ್ರೈಟಲ್ಲಿ ತೊಳೆದು ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದ್ರೆ ಜಿಡ್ಡು ಒಳಗೇ ಸೇರ್ತದೆ, ಪೇಂಟ್ ಸುಲಿದು ಬರ್ತದೆ. ಎಪಾಕ್ಸಿ ಬಿಸಿಲಿಗೆ ತಡೆಯುದಿಲ್ಲ, ಮೇಲೆ ಎರಡು ಭಾಗದ ಪಾಲಿಯುರೆಥೇನ್ ಪೇಂಟ್ ರೋಲರಲ್ಲಿ ಹಚ್ಚಿ. ಸ್ಪ್ರೇ ಮಾಡ್ಬೇಡಿ, ಅದರ ಐಸೋಸಯನೇಟ್ ಮಂಜು ಮನೆಯ ಹತ್ತಿರ ಒಳ್ಳೇದಲ್ಲ.

ಡ್ರೈನ್ ತೂತನ್ನು ಬೇಕಾದ್ದಕ್ಕಿಂತ ಅರ್ಧ ಇಂಚು ದೊಡ್ಡದಾಗಿ ಕೊರೀರಿ. ಹೊರಗಿಂದ ಟೇಪ್ ಹಚ್ಚಿ, ಏರೋಸಿಲ್ ಬೆರೆಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೀರಿ. ಆಗ ನೀರಿಗೆ ತಾಗುದು ಎಪಾಕ್ಸಿ ಮಾತ್ರ, ಮರ ಅಲ್ಲ. ಸೀಟಿನ ಸ್ಕ್ರೂಗೂ, ಮುಂದೆ ಎಂಜಿನ್ ಬೋಲ್ಟಿಗೂ ಹೀಗೇ ಮಾಡಿ. ಪ್ಲಗ್ ಕೂರಿಸ್ಲಿಕ್ಕೆ ಪಾಲಿಯುರೆಥೇನ್ ಸೀಲಂಟ್ ತನ್ನಿ. ಸಿಲಿಕೋನ್ ಬೇಡ, ಅದು ಒಮ್ಮೆ ತಾಗಿದ ಜಾಗಕ್ಕೆ ಮತ್ತೆ ಪೇಂಟೂ ಹಿಡಿಯುದಿಲ್ಲ, ರೆಸಿನ್ನೂ ಹಿಡಿಯುದಿಲ್ಲ.