ಗಾಯದ ಆರೈಕೆ ಕಲಿಯೋಕೆ ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್):
ಸರ್ಜಿಕಲ್ ವಾರ್ಡಿನಲ್ಲಿದ್ದೇನೆ. ಶುಗರ್ ಕಾಲಿನ ಹುಣ್ಣು, ಬೆಡ್ ಸೋರ್, ಹೊಲಿಗೆ ಬಿಟ್ಟ ಗಾಯ ದಿನಾ ಇರುತ್ತವೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವಾಗ ಕಲಿತದ್ದು ಬಿಟ್ಟರೆ ಬೇರೆ ತರಬೇತಿ ಆಗಿಲ್ಲ. ಆನ್‌ಲೈನ್ ಕೋರ್ಸ್‌ಗಳ ಜಾಹೀರಾತು ಜಾಸ್ತಿ ಕಾಣುತ್ತಿದೆ. ದುಡ್ಡು ಕೊಟ್ಟು ಸೇರಬಹುದಾ? ಹೊಸಬರಿಗೆ ನೀನೇ ಕಲಿಸು ಅಂತ ಇನ್‌ಚಾರ್ಜ್ ಸಿಸ್ಟರ್ ಬೇರೆ ಹೇಳಿದ್ದಾರೆ.

ಶುಗರ್ ಪಾದದ ಕ್ಲಿನಿಕ್ಕಿನ ನರ್ಸ್, ಬೆಂಗಳೂರು:
ಸಿಸ್ಟರ್, ಕೋರ್ಸ್ ಯಾವುದು ಅನ್ನೋದು ಆಮೇಲೆ. ನಿಮ್ಮ ಜೊತೆ ಯಾರು ಬರುತ್ತಾರೆ ಅಂತ ಮೊದಲು ನೋಡಿ. ನರ್ಸ್ ಒಬ್ಬರೇ ಹೋಗಿ ಕಲಿತು ಬಂದರೆ ವಾರ್ಡಿನಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಸೆಲೈನಿನಲ್ಲಿ ತೊಳೆದರೆ ಸಾಕು ಅಂತ ನಾವು ಅನ್ನುತ್ತೇವೆ, ರೌಂಡ್ಸಿಗೆ ಬಂದ ಡಾಕ್ಟರು ಹೈಡ್ರೋಜನ್ ಪೆರಾಕ್ಸೈಡ್ ಬರೆದು ಹೋಗುತ್ತಾರೆ. ಕೇಸ್ ಶೀಟಿನಲ್ಲಿ ಇದ್ದದ್ದನ್ನು ಮಾಡಲೇಬೇಕು, ಅಲ್ವಾ? ಚಿಗುರುತ್ತಿರುವ ಕೆಂಪು ಮಾಂಸಕ್ಕೆ ದಿನಾ ಅದನ್ನು ಸುರಿದರೆ ಹೊಸ ಜೀವಕೋಶಗಳೂ ಸಾಯುತ್ತವೆ. ಇದನ್ನು ಇಬ್ಬರೂ ಒಟ್ಟಿಗೆ ಕೂತು ಕೇಳಿಸಿಕೊಂಡರೆ ಆಮೇಲೆ ವಾದವೇ ಇರುವುದಿಲ್ಲ.

2000ರ ದಶಕದಲ್ಲಿ ಭಾರತ, ತಾಂಜಾನಿಯಾದಂಥ ದೇಶಗಳಲ್ಲಿ ‘ಸ್ಟೆಪ್ ಬೈ ಸ್ಟೆಪ್’ ಅಂತ ಶುಗರ್ ಪಾದದ ತರಬೇತಿ ನಡೆಯಿತು. ಅದರಲ್ಲಿ ಡಾಕ್ಟರ್ ಮತ್ತು ನರ್ಸ್ ಜೋಡಿಯಾಗಿ ಬರಬೇಕಿತ್ತು. ಮೊದಲು ಬೇಸಿಕ್ ಪಾಠ. ಊರಿಗೆ ಹೋಗಿ ಕೆಲಸ ಮಾಡಿ, ಮರುವರ್ಷ ಮುಂದಿನ ಹಂತಕ್ಕೆ ಬರುವುದು. ನನ್ನ ಪ್ರಕಾರ ಇವತ್ತಿಗೂ ಅದೇ ಸರಿಯಾದ ದಾರಿ. ನಿಮ್ಮ ಸರ್ಜನ್ ಪೂರ್ತಿ ಕೋರ್ಸಿಗೆ ಬರದಿದ್ದರೆ ಬೇಡ, ಒಂದು ದಿನಕ್ಕಾದರೂ ಒಪ್ಪಿಸಿ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೋಡಿಯಾಟ್ರಿ (ಪಾದದ ಚಿಕಿತ್ಸೆ) ವಿಭಾಗ ಇದೆ. ಬಂದು ನೋಡಿ ಕಲಿಯಲು ಅವಕಾಶ ಇದೆಯಾ ಅಂತ ಆಸ್ಪತ್ರೆಯ ಕಡೆಯಿಂದಲೇ ಪತ್ರ ಬರೆದು ಕೇಳಿ.

ಅಲ್ಲಿ ಡ್ರೆಸ್ಸಿಂಗ್ ಕಟ್ಟುವ ಕೈಚಳಕಕ್ಕಿಂತ ಅದಕ್ಕೆ ಮೊದಲು ನಡೆಯುವುದನ್ನು ಗಮನಿಸಿ. ಎರಡೂ ಕಾಲು ಬಿಚ್ಚಿ ನೋಡುತ್ತಾರೆ. ಪಾದದ ಮೇಲೆ, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ನಾಡಿ ಮುಟ್ಟಿ ನೋಡುತ್ತಾರೆ. ರಕ್ತವೇ ಹರಿಯದ ಕಾಲಿಗೆ ಎಷ್ಟು ದುಬಾರಿ ಡ್ರೆಸ್ಸಿಂಗ್ ಹಾಕಿದರೂ ದಂಡ. ಆಮೇಲೆ 10 ಗ್ರಾಂ ಮಾನೊಫಿಲಮೆಂಟ್, ಅಂದರೆ ಪಾದಕ್ಕೆ ಸ್ಪರ್ಶ ಗೊತ್ತಾಗುತ್ತಾ ಅಂತ ನೋಡುವ ನೈಲಾನ್ ಎಳೆ. ಪೇಷೆಂಟ್ ಕಣ್ಣು ಮುಚ್ಚಿರಬೇಕು, ಎಳೆ ಬಾಗುವ ತನಕ ಒತ್ತಬೇಕು, ಆಣಿಯ ಮೇಲೆ, ದಡ್ಡುಗಟ್ಟಿದ ಚರ್ಮದ ಮೇಲೆ ಒತ್ತಬಾರದು. ಕೊನೆಗೆ, ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಏನು ವ್ಯವಸ್ಥೆ ಮಾಡುತ್ತಾರೆ ಅಂತ ನೋಡಿ. ಅಂಗಾಲಿಗೆ ಚೆಂದದ ಬ್ಯಾಂಡೇಜ್ ಸುತ್ತಿ, ಪೇಷೆಂಟನ್ನು ಅದರ ಮೇಲೇ ಬಸ್ ಸ್ಟ್ಯಾಂಡಿಗೆ ನಡೆಸಿಕೊಂಡು ಹೋದರೆ ಹುಣ್ಣು ವಾಸಿಯಾಗುತ್ತಾ?

ಸರ್ಜಿಕಲ್ ವಾರ್ಡ್ ಇನ್‌ಚಾರ್ಜ್, ದಾವಣಗೆರೆ:
ಹೊಸಬರಿಗೆ ಕಲಿಸುವ ವಿಷಯ ನಾನು ಹೇಳುತ್ತೇನೆ. ಪಿಪಿಟಿ ಬೇಡವೇ ಬೇಡ. ಒಂದೇ ಗಾಯವನ್ನು ಇಬ್ಬರ ಕೈಲಿ ಬೇರೆ ಬೇರೆ ಅಳೆಸಿ, ಆಮೇಲೆ ಚೀಟಿ ಹೋಲಿಸಿ. ಉದ್ದ ತಲೆಯಿಂದ ಕಾಲಿನ ಕಡೆಗೆ, ಅಗಲ ಅದಕ್ಕೆ ಅಡ್ಡಲಾಗಿ, ಆಳಕ್ಕೆ ಸ್ಟೆರೈಲ್ ಹತ್ತಿ ಕಡ್ಡಿ. ಅಂಚಿನ ಕೆಳಗೆ ಟೊಳ್ಳಿದ್ದರೆ ಗಡಿಯಾರದ ಲೆಕ್ಕದಲ್ಲಿ ಬರೆಯಿರಿ, ತಲೆ ಕಡೆ 12 ಗಂಟೆ. ಇಬ್ಬರ ಅಳತೆ ಹೊಂದದಿದ್ದಾಗ ಶುರುವಾಗುತ್ತದೆ ನೋಡಿ ಮಾತು, ಆಗಲೇ ಕಲಿಯುವುದು. ‘ಗಾಯ ಚೆನ್ನಾಗಿದೆ’ ಅಂತ ನೋಟ್ಸ್ ಬರೆಯುವುದನ್ನು ನಮ್ಮಲ್ಲಿ ನಿಲ್ಲಿಸಿದ್ದೇವೆ. ಎಷ್ಟು ಭಾಗ ಕೆಂಪು, ಎಷ್ಟು ಹಳದಿ, ಎಷ್ಟು ಕಪ್ಪು ಅಂತ ಬರೆಯಬೇಕು. ಫೋಟೋ ತೆಗೆಯುವುದಾದರೆ ಒಪ್ಪಿಗೆ ತಗೊಂಡು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮುಖ ಬರದ ಹಾಗೆ. ವಾಟ್ಸಾಪ್ ಗ್ರೂಪಿಗೆ ಹಾಕೋದು ಬೇಡ.

ಬೆಡ್ ಸೋರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋರ್ಸಿನ ಚಿತ್ರಗಳಲ್ಲಿ ಬಹುತೇಕ ಬಿಳಿ ಚರ್ಮವೇ ಇರುತ್ತದೆ. ಮೊದಲ ಹಂತ ಅಂದರೆ ಒತ್ತಿದರೂ ಮಾಯವಾಗದ ಕೆಂಪು, ಅಂತ ಓದಿರುತ್ತೇವೆ. ನಮ್ಮವರ ಕಪ್ಪು ಚರ್ಮದಲ್ಲಿ ಆ ಕೆಂಪು ಎಲ್ಲಿ ಕಾಣುತ್ತೆ? ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ ಎರಡನ್ನೂ ಕೈಯಿಂದ ಮುಟ್ಟಿ ನೋಡಬೇಕು. ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ತಣ್ಣಗಿದೆಯಾ, ಗಟ್ಟಿಯಾಗಿದೆಯಾ, ಮುಟ್ಟಿದರೆ ನೋವಿದೆಯಾ. ಬ್ರೇಡನ್ ಸ್ಕೇಲ್ ಕಲಿಸಿ, ಆರು ತಲೆಬರಹ, ಒಟ್ಟು 23 ಅಂಕ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸೋರ್ ಆಗುವ ಅಪಾಯ ಇದೆ ಅಂತ ಅರ್ಥ. ಆದರೆ ಅಂಕ ಬರೆದಿಟ್ಟು ಮಗ್ಗುಲು ಬದಲಿಸದೆ ಹೋದರೆ ಸುಮ್ನೆ ಕಾಗದ ಖರ್ಚು.

ಸ್ವಾಬ್ ತೆಗೆಯುವುದನ್ನೂ, ಅಂದರೆ ಲ್ಯಾಬ್ ಪರೀಕ್ಷೆಗೆ ಹತ್ತಿ ಕಡ್ಡಿಯಲ್ಲಿ ಗಾಯದ ಸ್ಯಾಂಪಲ್ ತೆಗೆಯುವುದನ್ನೂ ಸೇರಿಸಿ. ಮೇಲಿನ ಕೀವಿನಲ್ಲಿ ಅದ್ದಿ ಲ್ಯಾಬಿಗೆ ಕಳಿಸುವವರೇ ಜಾಸ್ತಿ. ಮೊದಲು ಸೆಲೈನಿನಲ್ಲಿ ತೊಳೆದು, ಶುದ್ಧ ಮಾಂಸ ಕಾಣುವ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಒತ್ತಿ ತಿರುಗಿಸಬೇಕು.

ಕುಷ್ಠರೋಗ ಕಾರ್ಯಕ್ರಮದಲ್ಲಿ ಕೆಲಸ ಮಾಡಿದವರು, ಕಲಬುರಗಿ:
ಅಂಗಾಲಿನ ಹುಣ್ಣಿನ ಪಾಠ ನಮ್ಮ ಪಕ್ಕದಲ್ಲೇ ಇದೆ ಮೇಡಂ, ವೆಲ್ಲೂರಿನ ಹತ್ತಿರ ಕರಿಗಿರಿಯ ಕುಷ್ಠರೋಗ ಆಸ್ಪತ್ರೆಯಲ್ಲಿ. ಕುಷ್ಠದ ಕಾಲು ಕೆಡುವುದು ಮಾಂಸ ಕೆಟ್ಟದ್ದರಿಂದಲ್ಲ, ನೋವು ಗೊತ್ತಾಗದೆ ಮತ್ತೆ ಮತ್ತೆ ಒತ್ತಡ ಬೀಳುವುದರಿಂದ ಅಂತ ಸರ್ಜನ್ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟದ್ದು ಆ ಭಾಗದಲ್ಲೇ. ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿಯ ಹಿಂದಿನ ವಿಚಾರವೂ ಇದೇ. ಒಂದು ಎಚ್ಚರಿಕೆ. ಕುಷ್ಠದವರಿಗೆ ಕಾಲು ನೀರಲ್ಲಿ ನೆನೆಸಿ, ಉಜ್ಜಿ, ಎಣ್ಣೆ ಹಚ್ಚಿ ಅಂತ ಹೇಳುತ್ತೇವೆ. ಅದನ್ನೇ ಶುಗರ್‌ನವರಿಗೆ ಹೇಳಬೇಡಿ. ಅವರು ಕಾಲು ನೆನೆಸಬಾರದು, ತೊಳೆದು ಬೆರಳ ಸಂದಿ ಒರೆಸಿಕೊಂಡರೆ ಸಾಕು.

ನರ್ಸ್, ಇಂಗ್ಲೆಂಡ್ (ಊರು ಹಾಸನ):
ಇಲ್ಲಿ ಟಿಶ್ಯೂ ವಯಬಿಲಿಟಿ ನರ್ಸ್ ಅಂತ ಪ್ರತ್ಯೇಕ ಹುದ್ದೆಯೇ ಇದೆ. ಗಾಯ ಹಠ ಹಿಡಿದರೆ ಅವರನ್ನು ಕರೆಯುತ್ತೇವೆ. ಆನ್‌ಲೈನ್ ಕೋರ್ಸಿಗೆ ದುಡ್ಡು ಕೊಡುವ ಮೊದಲು ಶುಗರ್ ಪಾದದ ಬಗ್ಗೆ ಐಡಬ್ಲ್ಯುಜಿಡಿಎಫ್ ಅನ್ನುವ ಅಂತರರಾಷ್ಟ್ರೀಯ ತಜ್ಞರ ಗುಂಪಿನ 2023ರ ಮಾರ್ಗಸೂಚಿ ಓದಿ, ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಡ್ರೆಸ್ಸಿಂಗ್ ಕಂಪನಿಯವರ ಉಚಿತ ಶಿಬಿರಕ್ಕೂ ಹೋಗಿ, ತಪ್ಪೇನಿಲ್ಲ. ಊಟವೂ ಚೆನ್ನಾಗಿರುತ್ತದೆ. ಆದರೆ ಅವರು ಬ್ರ್ಯಾಂಡ್ ಹೆಸರು ಹೇಳಿದಾಗಲೆಲ್ಲ ‘ಇದು ಯಾವ ಬಗೆಯ ಡ್ರೆಸ್ಸಿಂಗ್, ಫೋಮಾ, ಆಲ್ಜಿನೇಟಾ, ಹೈಡ್ರೋಕೊಲಾಯ್ಡಾ?’ ಅಂತ ಕೇಳಿ. ನಿಮ್ಮ ಸ್ಟೋರಿನಲ್ಲಿ ಇರುವುದು ಗಾಜ್ ಬಟ್ಟೆ, ಪ್ಯಾರಾಫಿನ್ ಸವರಿದ ಗಾಜ್ ಮಾತ್ರ ಆದರೆ, ಅದರಲ್ಲೇ ಗಾಯವನ್ನು ತೇವವಾಗಿ ಇಡುವುದು ಹೇಗೆ ಅಂತಲೂ ಕೇಳಿ. ಒಳ್ಳೆ ತರಬೇತುದಾರರಾದರೆ ಉತ್ತರ ಕೊಡುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸರ್ಜನ್ ಸರ್ ಹತ್ತಿರ ಮಾತಾಡಿದೆ, ಒಂದು ದಿನಕ್ಕೆ ಬರ್ತೀನಿ ಅಂದಿದ್ದಾರೆ. ಮಾನೊಫಿಲಮೆಂಟ್ ಒಂದೇ ತರಿಸಿದರೆ ಓಪಿಡಿಗೆ ಸಾಕಾಗುತ್ತಾ?

ಶುಗರ್ ಪಾದದ ಕ್ಲಿನಿಕ್ಕಿನ ನರ್ಸ್, ಬೆಂಗಳೂರು:
ಎರಡು ತರಿಸಿ. ಸುಮಾರು ಹತ್ತು ಪೇಷೆಂಟ್ ನೋಡಿದ ಮೇಲೆ ಎಳೆ ಮೆತ್ತಗಾಗುತ್ತದೆ, 24 ಗಂಟೆ ಬಿಡುವು ಕೊಡಬೇಕು. ಪೂರ್ತಿ ಬಾಗಿಹೋದದ್ದನ್ನು ಎಸೆದುಬಿಡಿ.