ಪದಚರ್ಚೆ: ಫಾಕ್ನರ್ ‘ಜನಪ್ರಿಯ’ ಕಾದಂಬರಿಕಾರನೇ?

ವಿಲಿಯಂ ಫಾಕ್ನರ್ ಬಗ್ಗೆ ಒಂದು ಬರಹ ‘ಅಮೆರಿಕದ ಅತ್ಯಂತ ಜನಪ್ರಿಯ ಕಾದಂಬರಿಕಾರ’ ಅಂತ ಶುರುವಾಗಿತ್ತು. ನೊಬೆಲ್ ಬಂದಿದೆ, ಅಮೆರಿಕದ ದೊಡ್ಡ ಸಾಹಿತ್ಯ ಪ್ರಶಸ್ತಿ ಪುಲಿಟ್ಜರ್ ಎರಡು ಸಲ ಬಂದಿದೆ, ಆದ್ದರಿಂದ ಜನಪ್ರಿಯ ಅನ್ನೋದು ಬರೆದವರ ಲೆಕ್ಕ ಇರಬೇಕು. ಆ ಪದ ಅಲ್ಲಿ ಸರಿಹೊಂದುತ್ತದಾ?

ನನಗಂತೂ ಹೊಂದುವುದಿಲ್ಲ ಅನಿಸುತ್ತದೆ. 1940ರ ದಶಕದ ನಡುವಿನ ಹೊತ್ತಿಗೆ ಅವನ ಪುಸ್ತಕಗಳು ಹೆಚ್ಚುಕಡಿಮೆ ಯಾವುವೂ ಅಚ್ಚಿನಲ್ಲಿರಲಿಲ್ಲ. ಸಂಸಾರ ಸಾಗಿಸೋಕೆ 1942ರಲ್ಲಿ ಹಾಲಿವುಡ್ಡಿಗೆ ಹೋಗಿ ವಾರ್ನರ್ ಬ್ರದರ್ಸ್‌ನಲ್ಲಿ ವಾರಕ್ಕೆ 300 ಡಾಲರಿಗೆ ಚಿತ್ರಕಥೆ ಬರೆಯೋಕೆ ಕೂತ. ಅತ್ತ ಫ್ರಾನ್ಸಿನಲ್ಲಿ ದಾರ್ಶನಿಕ, ಲೇಖಕ ಸಾರ್ತ್ರ್‌ನಂಥವರಿಗೆ ಅವನೆಂದರೆ ಬಲು ಅಭಿಮಾನ. 1946ರಲ್ಲಿ ವಿಮರ್ಶಕ ಮಾಲ್ಕಂ ಕೌಲಿ ಅವನ ಬರಹಗಳನ್ನು ಆಯ್ದು ಸಂಪುಟ ತಂದ ಮೇಲೇ ಅಮೆರಿಕದವರ ಕಣ್ಣು ಮತ್ತೆ ಅವನ ಕಡೆ ಹೊರಳಿದ್ದು. 1949ರ ನೊಬೆಲ್ ಕೈಗೆ ಬಂದಿದ್ದು 1950ರಲ್ಲಿ.

ಈಗ ಅಮೆರಿಕದ ಇನ್ನೊಬ್ಬ ಕಾದಂಬರಿಕಾರ್ತಿ ಪರ್ಲ್ ಬಕ್‌ಳನ್ನು ನೋಡಿ. ಚೀನಾದ ರೈತನೊಬ್ಬನ ಕಥೆ ಹೇಳುವ ‘ದಿ ಗುಡ್ ಅರ್ಥ್’ 1931, 1932 ಎರಡೂ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಕಾದಂಬರಿ. 1932ರಲ್ಲಿ ಪುಲಿಟ್ಜರ್, 1937ರಲ್ಲಿ ಸಿನಿಮಾ, 1938ರಲ್ಲಿ ನೊಬೆಲ್. ಇವಳು ಜನಪ್ರಿಯ, ಎರಡು ಮಾತಿಲ್ಲ. ಫಾಕ್ನರ್‌ಗೆ ಅವಳಿಗೆ ನೊಬೆಲ್ ಬಂದದ್ದು ಹಿಡಿಸಿರಲಿಲ್ಲ. ಆಕೆಯ ಸಾಲಿನಲ್ಲಿ ಕೂರುವುದಕ್ಕಿಂತ ನೊಬೆಲ್ ಸಿಗದ ಕಾದಂಬರಿಕಾರರಾದ ಡ್ರೈಸರ್, ಶೆರ್ವುಡ್ ಆ್ಯಂಡರ್ಸನ್ ಜೊತೆ ಇರೋದೇ ವಾಸಿ ಅಂತ ಒಂದು ಪತ್ರದಲ್ಲಿ ಬರೆದಿದ್ದ. (ತನಗೇ ನೊಬೆಲ್ ಕೊಟ್ಟಾಗ ಸ್ಟಾಕ್‌ಹೋಮಿಗೆ ಹೋಗಿ ತಗೊಂಡ ಅನ್ನಿ!) ಇನ್ನು ಹೆಮಿಂಗ್ವೇ. 1952ರಲ್ಲಿ ‘ಲೈಫ್’ ಪತ್ರಿಕೆ ಅವನ ಮುದುಕ ಬೆಸ್ತನ ಕಥೆ ‘ದಿ ಓಲ್ಡ್ ಮ್ಯಾನ್ ಆ್ಯಂಡ್ ದಿ ಸೀ’ಯನ್ನು ಒಂದೇ ಸಂಚಿಕೆಯಲ್ಲಿ ಇಡಿಯಾಗಿ ಹಾಕಿದಾಗ ಎರಡೇ ದಿನದಲ್ಲಿ 50 ಲಕ್ಷ ಪ್ರತಿ ಖರ್ಚಾದವು. ಇಂಥವನಿಗೆ ‘ಮನೆಮಾತಾದ’ ಅಂದರೂ ನಡೆಯುತ್ತದೆ.

ನಮ್ಮಲ್ಲಿ ತೊಡಕಿರೋದು ‘ಜನಪ್ರಿಯ’ಕ್ಕೆ ಎರಡು ಮುಖ ಇರೋದರಿಂದ. ಜನಪ್ರಿಯ ನಟ ಅಂದರೆ ಬರೀ ಮೆಚ್ಚುಗೆ. ಜನಪ್ರಿಯ ಸಾಹಿತ್ಯ ಅಂದ ತಕ್ಷಣ ಸ್ವಲ್ಪ ಮೂಗು ಮುರಿದ ಹಾಗೆ, ‘ಗಂಭೀರ’ ಅಲ್ಲ ಅನ್ನೋ ಅರ್ಥ ಸುಮ್ನೆ ಬಂದು ಸೇರಿಕೊಳ್ಳುತ್ತದೆ, ಅಲ್ವಾ? ಪರ್ಲ್ ಬಕ್‌ಗೆ ಹಾಗೆಂದರೆ ಹೊಗಳಿದ್ದೋ ತೆಗಳಿದ್ದೋ ಗೊತ್ತಾಗುವುದಿಲ್ಲ. ‘ಖ್ಯಾತ’, ‘ಹೆಸರಾಂತ’ ಪದಗಳಿಗೆ ಈ ಕಾಟವಿಲ್ಲ. ಜನ ಹೆಸರು ಕೇಳಿದ್ದರೆ ಸಾಕು, ಓದಿರಲೇಬೇಕು ಅಂತಿಲ್ಲ. ಫಾಕ್ನರ್‌ಗೆ ನನ್ನ ಓಟು ‘ಹೆಸರಾಂತ’ಕ್ಕೆ. 2005ರ ಬೇಸಿಗೆಯಲ್ಲಿ ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ತನ್ನ ಓದುಗ ಬಳಗಕ್ಕೆ ಅವನ ಮೂರು ಕಾದಂಬರಿ ಆರಿಸಿದಾಗ, ಸತ್ತು 43 ವರ್ಷದ ಮೇಲೆ, ಕೆಲವು ತಿಂಗಳ ಮಟ್ಟಿಗೆ ‘ಜನಪ್ರಿಯ’ನಾದ ಅಂತ ಬೇಕಾದರೆ ಒಪ್ಪೋಣ.

ನಿಜವಾಗಿ ಬೇಕಿರೋದು ಇನ್ನೊಂದು ಪದ. ಓದುಗರು ಕಡಿಮೆ, ಆದರೆ ಬರೆಯುವವರೆಲ್ಲ ಮೆಚ್ಚುವ ಲೇಖಕನಿಗೆ ಏನನ್ನೋಣ? ‘ಕವಿಗಳ ಕವಿ’ ಕಿವಿಗೆ ಒಪ್ಪುತ್ತದೆ, ‘ಲೇಖಕರ ಲೇಖಕ’ ಯಾಕೋ ಒಪ್ಪಲ್ಲ. ‘ಬಲ್ಲವರ ಮೆಚ್ಚಿನ’ ಅಂದರೆ ಹೇಗೆ? ನಿಮ್ಮ ಕಡೆ ಇದಕ್ಕಿಂತ ಚಿಕ್ಕ ಪದ ಬಳಕೆಯಲ್ಲಿದ್ದರೆ ತಿಳಿಸಿ.