ಜಿಎಸ್‌ಟಿ ಇಳಿದರೂ ಆಸ್ಪತ್ರೆಯ ಔಷಧ ಖರ್ಚು ಇಳಿದಿಲ್ಲ, ಎಲ್ಲಿ ನೋಡಬೇಕು?

ಪ್ರಶ್ನೆ: 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಬಂದಿದೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಲೋಕಲ್ ಪರ್ಚೇಸ್ (ಹೊರಗಿನ ಅಂಗಡಿಗಳಿಂದ ನೇರ ಖರೀದಿ) ಖರ್ಚು ಮಾತ್ರ ಹಾಗೇ ಇದೆ. ಮುಂದಿನ ಬಜೆಟ್‌ನಲ್ಲಿ ಎಷ್ಟು ಉಳಿತಾಯ ತೋರಿಸಬಹುದು? ಬಲ್ಲವರು ತಿಳಿಸಿ.

ಲೆಕ್ಕಪತ್ರ ವಿಭಾಗದವರು: ಶೇ 7 ಎಂದು ಬರೆಯಬೇಡಿ ಸರ್. 112 ರೂಪಾಯಿ ಕೊಡುತ್ತಿದ್ದ ಕಡೆ ಈಗ 105, ಅಂದರೆ ಶೇ 6.25. ಸರ್ಕಾರಿ ಆಸ್ಪತ್ರೆಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ಮರಳಿ ಹೊಂದಿಸಿಕೊಳ್ಳುವ ಸೌಲಭ್ಯ) ಇಲ್ಲ, ಹಾಗಾಗಿ ತೆರಿಗೆ ಇಳಿದಷ್ಟೂ ನಮಗೇ ಉಳಿಯಬೇಕು. ಉಳಿದಿಲ್ಲವೆಂದರೆ ಮೂಲ ದರ ಏರಿರಬಹುದು. ಆಗಸ್ಟ್‌ನ ಬಿಲ್, ಈಗಿನ ಬಿಲ್ ಪಕ್ಕಪಕ್ಕ ಇಟ್ಟು ತೆರಿಗೆ ಬಿಟ್ಟ ದರವನ್ನೇ ಹೋಲಿಸಿ. 'ಸ್ಟ್ರಿಪ್ ಮೇಲೆ ಹಳೇ ಎಂಆರ್‌ಪಿ ಇದೆ' ಎಂದರೆ ಒಪ್ಪಬೇಡಿ. ಹಳೇ ಸ್ಟಾಕಿಗೆ ಹೊಸ ಲೇಬಲ್ ಕಡ್ಡಾಯವಲ್ಲ, ಆದರೆ ಮಾರುವ ದರ ಇಳಿಯಲೇಬೇಕು. ಕಂಪನಿಯ ಪರಿಷ್ಕೃತ ದರಪಟ್ಟಿ ಕೇಳಿ ಪಡೆಯಿರಿ. ಸಗಟು ಬೆಲೆ ಸೂಚ್ಯಂಕ (ಡಬ್ಲ್ಯುಪಿಐ) ನೋಡಿ ಏಪ್ರಿಲ್ 1ಕ್ಕೆ ಆಗುವ ಗರಿಷ್ಠ ದರದ ಪರಿಷ್ಕರಣೆಯನ್ನೂ ಮರೆಯಬೇಡಿ: 2025ರಲ್ಲಿ ಅದು ಶೇ 1.74 ಇತ್ತು, 2023ರಲ್ಲಿ ಶೇ 12.12. 2023ರಂಥ ಒಂದೇ ಏರಿಕೆ ಬಂದರೆ ಈ ಉಳಿತಾಯವೆಲ್ಲ ಹೋಯಿತು.

ಕ್ಲೇಮ್ ನೋಡುವವರು: ಜಿಲ್ಲಾ ಆಸ್ಪತ್ರೆಯವರಿಗೆ ಒಂದು ಮಾತು. ಆರೋಗ್ಯ ಯೋಜನೆಯಲ್ಲಿ ಒಂದು ಚಿಕಿತ್ಸೆಗೆ ಕೊಡುವ ಪ್ಯಾಕೇಜ್ ಮೊತ್ತ ನಿಗದಿಯಾಗಿರುವಾಗ ಇಂಪ್ಲಾಂಟ್ (ದೇಹದೊಳಗೆ ಇಡುವ ಸಾಧನ) ದರ ಇಳಿದರೆ ವ್ಯತ್ಯಾಸ ಆಸ್ಪತ್ರೆಗೆ ಸಿಗುತ್ತದೆ, ಪ್ಯಾಕೇಜ್ ಪರಿಷ್ಕರಣೆ ಆಗುವವರೆಗೆ ಮಾತ್ರ. ಅದನ್ನು ನಂಬಿ ಗುತ್ತಿಗೆ ಸಿಬ್ಬಂದಿಯ ಸಂಬಳ ಲೆಕ್ಕ ಹಾಕಬೇಡಿ.

ಫಾರ್ಮಸಿ ಅಧಿಕಾರಿಗಳು: ಮೇಲಿನ ಲೆಕ್ಕ ಸರಿ, ಆದರೆ ಹಣ ಸೋರುವುದು ಬೇರೆ ಕಡೆ. ಡಿಪಿಸಿಒ (ಕೇಂದ್ರದ ಔಷಧ ಬೆಲೆ ನಿಯಂತ್ರಣ ಆದೇಶ) ಗರಿಷ್ಠ ದರವೆಂದರೆ ಶೇ 1ಕ್ಕೆ ಕಡಿಮೆಯಿಲ್ಲದ ಮಾರುಕಟ್ಟೆ ಪಾಲಿರುವ ಬ್ರ್ಯಾಂಡ್‌ಗಳು ಅಂಗಡಿಗೆ ಕೊಡುವ ದರದ ಸರಾಸರಿ, ಅದರ ಮೇಲೆ ಶೇ 16. ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಪೂರೈಸುವ ರಾಜ್ಯ ನಿಗಮದ ಟೆಂಡರ್ ದರ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗಿರುತ್ತದೆ, ಹಾಗಾಗಿ ಗರಿಷ್ಠ ದರ ಇಳಿದರೆ ನಮಗೆ ಅಷ್ಟೇನೂ ದಕ್ಕುವುದಿಲ್ಲ. ಕಚ್ಚಾವಸ್ತು ದುಬಾರಿಯಾಗಿ ತಯಾರಕರು ಕೈಚೆಲ್ಲಿದಾಗ ಮಾತ್ರ ಪೆಟ್ಟು ನೇರ ನಮಗೇ, ನಿಗಮದಲ್ಲಿ ಸಿಗದ್ದನ್ನು ಹೊರಗೆ ಕೊಳ್ಳಬೇಕಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಅಟ್ರೋಪಿನ್, ಬೆಂಜೈಲ್ ಪೆನಿಸಿಲಿನ್, ಸಾಲ್ಬುಟಮಾಲ್ ಸೇರಿ ಎಂಟು ಔಷಧಗಳ ಗರಿಷ್ಠ ದರವನ್ನು ಎನ್‌ಪಿಪಿಎ (ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ) ಶೇ 50 ಏರಿಸಿದ್ದೂ ಇದೇ ಕಾರಣಕ್ಕೆ.

ಲೆಕ್ಕ ನೋಡಿ. ನಿಗಮದಿಂದ 2 ರೂಪಾಯಿಗೆ ಬರುವ ಇಂಜೆಕ್ಷನ್ ಆಂಪೂಲ್ ಹೊರಗೆ 5 ರೂಪಾಯಿ ಅಂದುಕೊಳ್ಳಿ. 1,000ದಲ್ಲಿ 200 ಮಾತ್ರ ಹೊರಗೆ ಕೊಂಡರೂ 2,000 ಇದ್ದ ಖರ್ಚು 2,600 ಆಗುತ್ತದೆ. ಶೇ 30 ಏರಿಕೆ! ಇದರ ಮುಂದೆ ಶೇ 6.25 ಯಾವ ಮೂಲೆಗೆ?

ನಿಗಮಕ್ಕೆ ಕೊಡುವ ಇಂಡೆಂಟ್‌ನಲ್ಲಿ (ಬೇಡಿಕೆ ಪಟ್ಟಿ) ತಪ್ಪಾಗುವುದು ದಿನದ ಸರಾಸರಿ ಬಳಕೆಯಲ್ಲಿ. ವರ್ಷದಲ್ಲಿ 65 ದಿನ ಸ್ಟಾಕ್ ಖಾಲಿಯಿದ್ದು 3,000 ಆಂಪೂಲ್ ಹೋಗಿದ್ದರೆ ಸ್ಟಾಕ್ ಇದ್ದ 300 ದಿನಗಳಿಂದ ಭಾಗಿಸಿ, ದಿನಕ್ಕೆ 10. 365ರಿಂದ ಭಾಗಿಸಿದರೆ 8.2 ಬರುತ್ತದೆ, ಮುಂದಿನ ವರ್ಷವೂ ಕೊರತೆ ಕಟ್ಟಿಟ್ಟದ್ದು. ಹೊರಗಿನಿಂದ ಕೊಂಡು ಕೊಟ್ಟ ದಿನಗಳಿದ್ದರೆ ಅವನ್ನು ಖಾಲಿ ದಿನವೆಂದು ಕಳೆಯಬೇಡಿ, ಆ ಪ್ರಮಾಣವನ್ನೂ ಬಳಕೆಗೆ ಸೇರಿಸಿ. ಉಗ್ರಾಣದಿಂದ 'ಸ್ಟಾಕ್ ಇಲ್ಲ' ಎಂಬ ದಾಖಲೆಯನ್ನು ಬಿಲ್‌ಗೆ ಮುಂಚಿನ ದಿನಾಂಕದಲ್ಲೇ ಪಡೆದಿಡಿ, ಆಡಿಟ್‌ನವರು ಮೊದಲು ಕೇಳುವುದೇ ಅದನ್ನು.